ಕಾರಿನ ಎಂಜಿನ್‌ನ ಟೈಮಿಂಗ್ ಬೆಲ್ಟ್: ಬದಲಾಯಿಸುವ ಕಾಲವನ್ನು ನಿರ್ಧರಿಸುವುದು ಹೇಗೆ?

ನಮ್ಮ ಹೊಲಗಳಲ್ಲಿ ದುಡಿಯುವ ಬಹುತೇಕ ಟ್ರ್ಯಾಕ್ಟರ್‌ಗಳ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇರುವುದಿಲ್ಲ. ಅದರ ಕೆಲಸವನ್ನು ಅಲ್ಲಿ ಉಕ್ಕಿನ ಗೇರುಗಳು ಮಾಡುತ್ತವೆ. ಆಯಿಲ್‌ನಲ್ಲಿ ತೊಯ್ದು ತಿರುಗುವ ಆ ಗೇರುಗಳಿಗೆ ಹೆಚ್ಚುಕಡಿಮೆ ಎಂಜಿನ್‌ನಷ್ಟೇ ಆಯುಷ್ಯ. ಆದುದರಿಂದಲೇ ಇಪ್ಪತ್ತು ವರ್ಷ ಟ್ರ್ಯಾಕ್ಟರ್ ನಡೆಸಿ, ಆಯಿಲ್, ಫಿಲ್ಟರ್, ಕ್ಲಚ್ ಎಲ್ಲವನ್ನೂ ತಾವೇ ನೋಡಿಕೊಳ್ಳಬಲ್ಲ ಅನುಭವಿ ಕೃಷಿಕರೂ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ಈ ಒಂದು ಭಾಗದ ವಿಷಯದಲ್ಲಿ ಎಡವುತ್ತಾರೆ. ಆಯಿಲ್ ಬದಲಾಯಿಸುತ್ತಾರೆ, ಬ್ಯಾಟರಿಗೆ ನೀರು ಹಾಕುತ್ತಾರೆ, ಟೈರ್ ನೋಡುತ್ತಾರೆ. ಬೆಲ್ಟ್ ಮಾತ್ರ ಕಪ್ಪು ಮುಚ್ಚಳದ ಹಿಂದೆ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಬೇಸಾಯಶಾಸ್ತ್ರದ ವಿಜ್ಞಾನಿಗೆ ಕಾರಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ರೈತರೊಂದಿಗಿನ ಸಂವಾದಗಳಲ್ಲಿ ಬೆಳೆಯ ಪ್ರಶ್ನೆಗಳು ಮುಗಿದ ಮೇಲೆ ವಾಹನದ ಪ್ರಶ್ನೆಗಳು ಬರುವುದು ಈಗ ಸಾಮಾನ್ಯವಾಗಿದೆ. ಕೊಯ್ಲಾದ ತರಕಾರಿ ನಸುಕಿಗೆ ಮಾರುಕಟ್ಟೆ ಸೇರಬೇಕು. ಬೀಜ, ಗೊಬ್ಬರ, ಕೂಲಿಯಾಳುಗಳು ಹೊಲ ತಲುಪಬೇಕು. ಇವೆಲ್ಲ ಮನೆಯ ಒಂದೇ ವಾಹನವನ್ನು ನಂಬಿರುವಾಗ, ಹಂಗಾಮಿನ ನಡುವೆ ಅದರ ಎಂಜಿನ್ ನಿಂತರೆ ಆಗುವ ನಷ್ಟ ಗ್ಯಾರೇಜಿನ ಬಿಲ್ಲಿಗಷ್ಟೇ ಸೀಮಿತವಾಗುವುದಿಲ್ಲ. ಕೃಷಿ ಎಂಜಿನಿಯರಿಂಗ್ ವಿಭಾಗದ ಸಹೋದ್ಯೋಗಿಗಳೊಡನೆ ಚರ್ಚಿಸಿ ಈ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

ಬೆಲ್ಟ್ ಮಾಡುವ ಕೆಲಸ

ಎಂಜಿನ್‌ನ ಕೆಳಭಾಗದಲ್ಲಿ ಕ್ರ್ಯಾಂಕ್ ಶಾಫ್ಟ್ ಇದ್ದು, ಅದು ಪಿಸ್ಟನ್‌ಗಳಿಗೆ ಜೋಡಣೆಗೊಂಡಿದೆ. ಮೇಲ್ಭಾಗದಲ್ಲಿರುವ ಕ್ಯಾಮ್ ಶಾಫ್ಟ್ ವಾಲ್ವ್‌ಗಳನ್ನು ತೆರೆದು ಮುಚ್ಚುತ್ತದೆ. ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಬೆಸೆಯುವ ಹಲ್ಲುಳ್ಳ ರಬ್ಬರ್ ಪಟ್ಟಿಯೇ ಟೈಮಿಂಗ್ ಬೆಲ್ಟ್. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ವಾಲ್ವ್ ನಿಮಿಷಕ್ಕೆ 1,000 ಬಾರಿ, ಅಂದರೆ ಸೆಕೆಂಡಿಗೆ ಹದಿನಾರು ಹದಿನೇಳು ಬಾರಿ ತೆರೆದು ಮುಚ್ಚುತ್ತದೆ. ಅಷ್ಟೂ ಬಾರಿ ಪಿಸ್ಟನ್ ಮೇಲೇರುವ ಮುನ್ನ ವಾಲ್ವ್ ಅದರ ದಾರಿಯಿಂದ ಸರಿದಿರಬೇಕು.

ಬೆಲ್ಟ್ ತುಂಡಾದರೆ ಕ್ಯಾಮ್ ನಿಂತುಬಿಡುತ್ತದೆ. ಕೆಲವು ವಾಲ್ವ್‌ಗಳು ತೆರೆದ ಸ್ಥಿತಿಯಲ್ಲೇ ಉಳಿಯುತ್ತವೆ. ಆದರೆ ವಾಹನದ ಓಟದ ರಭಸಕ್ಕೆ ಕ್ರ್ಯಾಂಕ್ ಇನ್ನೂ ಕೆಲವು ಸುತ್ತು ತಿರುಗುತ್ತದೆ. ಮೇಲೇರಿದ ಪಿಸ್ಟನ್ ತೆರೆದ ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ಕೆಲವೊಮ್ಮೆ ವಾಲ್ವ್ ಗೈಡ್, ಪಿಸ್ಟನ್ ತಲೆ, ಸಿಲಿಂಡರ್ ಹೆಡ್ ಕೂಡ ಕೆಡುತ್ತವೆ. ಪಿಸ್ಟನ್ ಮತ್ತು ವಾಲ್ವ್‌ಗಳ ನಡುವೆ ಸಾಕಷ್ಟು ಅಂತರವಿರುವ ಕೆಲವು ಹಳೆಯ ಪೆಟ್ರೋಲ್ ಎಂಜಿನ್‌ಗಳು ಇಂತಹ ಪೆಟ್ಟಿನಿಂದ ಪಾರಾಗುವುದುಂಟು. ಅಲ್ಲಿ ಹೊಸ ಬೆಲ್ಟ್ ಹಾಕಿದರೆ ಗಾಡಿ ಮತ್ತೆ ಓಡುತ್ತದೆ. ಡೀಸೆಲ್ ಎಂಜಿನ್‌ಗಳಲ್ಲಿ ಆ ಭಾಗ್ಯವನ್ನು ನಿರೀಕ್ಷಿಸುವಂತಿಲ್ಲ. ಗಾಳಿಯನ್ನು ಅತಿಯಾಗಿ ಅದುಮಬೇಕಾದ ಕಾರಣ ಅಲ್ಲಿ ಪಿಸ್ಟನ್ ಹೆಡ್‌ಗೆ ಬಹಳ ಸಮೀಪ ಬರುತ್ತದೆ.

ಫ್ಯಾನ್ ಬೆಲ್ಟ್ ಬೇರೆ, ಟೈಮಿಂಗ್ ಬೆಲ್ಟ್ ಬೇರೆ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುವುದು ಒಳಿತು. ಬಾನೆಟ್ ತೆರೆದೊಡನೆ ಕಾಣುವುದು ಫ್ಯಾನ್ ಬೆಲ್ಟ್. ಅದು ತುಂಡಾದರೆ ಬ್ಯಾಟರಿ ದೀಪ ಹೊತ್ತಿಕೊಳ್ಳುತ್ತದೆ, ಎಂಜಿನ್ ಬಿಸಿಯಾಗತೊಡಗುತ್ತದೆ. ಗಮನಿಸಿ ನಿಲ್ಲಿಸಿದರೆ ಎಂಜಿನ್ ಉಳಿಯುತ್ತದೆ. "ಬೆಲ್ಟ್ ಹೋದ ವರ್ಷವಷ್ಟೇ ಹಾಕಿಸಿದ್ದೇನೆ" ಎನ್ನುವವರನ್ನು ವಿಚಾರಿಸಿದರೆ ಬಹಳ ಸಲ ಅವರು ಹಾಕಿಸಿರುವುದು ಫ್ಯಾನ್ ಬೆಲ್ಟ್.

ಈ ಪಟ್ಟಿಯ ಚರಿತ್ರೆಯಲ್ಲಿ ಕೃಷಿಕರಿಗೆ ಆಸಕ್ತಿ ಹುಟ್ಟಿಸುವ ಒಂದು ಸಂಗತಿಯಿದೆ. ಹಲ್ಲುಳ್ಳ ರಬ್ಬರ್ ಬೆಲ್ಟ್ 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕಾಗಿ ರೂಪುಗೊಂಡಿತು. ಅದನ್ನು ಕಾರಿನ ಕ್ಯಾಮ್ ಶಾಫ್ಟ್ ತಿರುಗಿಸಲು ಬಳಸಿ, 1962ರಿಂದ ಕಾರುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದು ಜರ್ಮನಿಯ ಡಿಂಗೊಲ್ಫಿಂಗ್‌ನ ಗ್ಲಾಸ್ ಕಂಪನಿ. ಆ ಕಂಪನಿ ಕಾರಿಗೆ ಕೈಹಾಕುವ ಮೊದಲು ಹೆಸರು ಮಾಡಿದ್ದು ಬಿತ್ತನೆ ಕೂರಿಗೆಗಳ ತಯಾರಿಕೆಯಲ್ಲಿ!

ನಿಮ್ಮ ವಾಹನದಲ್ಲಿ ಬೆಲ್ಟ್ ಇದೆಯೇ?

ಎಲ್ಲ ಕಾರುಗಳಲ್ಲಿಯೂ ಇಲ್ಲ. ಮಾರುತಿ 800, ಓಮ್ನಿ, 796 ಸಿಸಿಯ ಹಳೆಯ ಆಲ್ಟೊ, ಹ್ಯುಂಡೈ ಸ್ಯಾಂಟ್ರೊದ ಮೊದಲ ಪೀಳಿಗೆ, ಟಾಟಾ ಇಂಡಿಕಾ ಡೀಸೆಲ್, ಟೊಯೊಟಾದ 2.5 ಲೀಟರಿನ ಹಳೆಯ ಇನ್ನೋವಾ, ರೆನೋ ಡಸ್ಟರ್‌ನ 1.5 ಲೀಟರ್ ಡೀಸೆಲ್ ಇವುಗಳಲ್ಲಿ ಬೆಲ್ಟ್ ಇದೆ. ಸ್ವಿಫ್ಟ್‌ನ 1.3 ಲೀಟರ್ ಡೀಸೆಲ್, ಮಾರುತಿಯ ಕೆ ಶ್ರೇಣಿಯ ಪೆಟ್ರೋಲ್ ಎಂಜಿನ್‌ಗಳು, ಇನ್ನೋವಾ ಕ್ರಿಸ್ಟಾದ 2.4 ಲೀಟರ್ ಡೀಸೆಲ್ ಇವುಗಳಲ್ಲಿ ಉಕ್ಕಿನ ಸರಪಳಿ, ಅಂದರೆ ಟೈಮಿಂಗ್ ಚೈನ್ ಇದೆ. ಒಂದೇ ಹೆಸರಿನ ಕಾರಿನ ಪೆಟ್ರೋಲ್ ಮಾದರಿಯಲ್ಲಿ ಒಂದು ಬಗೆ, ಡೀಸೆಲ್ ಮಾದರಿಯಲ್ಲಿ ಇನ್ನೊಂದು ಬಗೆ ಇರಬಹುದು. ಹೀಗಾಗಿ ಕಾರಿನ ಹೆಸರನ್ನು ನೋಡಿ ತೀರ್ಮಾನಿಸಬಾರದು.

ಖಚಿತವಾಗಿ ತಿಳಿಯಲು ಓನರ್ಸ್ ಮ್ಯಾನ್ಯುಯಲ್‌ನ ನಿರ್ವಹಣಾ ಪಟ್ಟಿಯನ್ನು ನೋಡಬೇಕು. ಬದಲಾವಣೆಯ ಅಂತರ ನಮೂದಾಗಿದ್ದರೆ ಬೆಲ್ಟ್ ಇದೆ ಎಂದರ್ಥ. ಪುಸ್ತಕವಿಲ್ಲದಿದ್ದರೆ ಎಂಜಿನ್‌ನ ಒಂದು ಬದಿಯ ಮುಚ್ಚಳವನ್ನು ಗಮನಿಸಿ. ಕೆಲವೇ ಬೋಲ್ಟ್‌ಗಳಿರುವ, ತೆಳುವಾದ ಕಪ್ಪು ಪ್ಲಾಸ್ಟಿಕ್ ಮುಚ್ಚಳವಿದ್ದರೆ ಸಾಮಾನ್ಯವಾಗಿ ಒಳಗೆ ಬೆಲ್ಟ್. ಸುತ್ತಲೂ ಬೋಲ್ಟ್ ಬಿಗಿದು ಆಯಿಲ್ ಸೋರದಂತೆ ಸೀಲ್ ಮಾಡಿದ ಲೋಹದ ಮುಚ್ಚಳವಿದ್ದರೆ ಸಾಮಾನ್ಯವಾಗಿ ಚೈನ್. ಇದಕ್ಕೆ ಅಪವಾದವೂ ಉಂಟು: ಫೋರ್ಡ್ ಇಕೋಸ್ಪೋರ್ಟ್‌ನ 1.0 ಲೀಟರ್ ಪೆಟ್ರೋಲ್ ಎಂಜಿನ್‌ನಲ್ಲಿ ಬೆಲ್ಟ್ ಆಯಿಲ್‌ನೊಳಗೇ ತಿರುಗುತ್ತದೆ. ಅಂತಹ ಎಂಜಿನ್‌ಗೆ ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಬೇಕು, ಸಕಾಲಕ್ಕೆ ಬದಲಾಯಿಸಬೇಕು. ಇಲ್ಲವಾದರೆ ರಬ್ಬರ್ ಕರಗಿ ಉದುರಿದ ಚೂರುಗಳು ಆಯಿಲ್ ಪಂಪಿನ ಜರಡಿಯನ್ನು ಕಟ್ಟಿಬಿಡುತ್ತವೆ.

ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಅದು

ತಯಾರಕರು ಸೂಚಿಸುವ ಅಂತರ ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ಹಳೆಯ ವಾಹನಗಳಲ್ಲಿ ಹೆಚ್ಚಾಗಿ 60,000ದಿಂದ 1,00,000 ಕಿ.ಮೀ. ನಡುವೆ ಇರುತ್ತದೆ, ಕೆಲವು ಎಂಜಿನ್‌ಗಳಿಗೆ ಇನ್ನೂ ಹೆಚ್ಚು. ಅದರ ಜೊತೆಗೆ ವರ್ಷಗಳ ಮಿತಿಯೂ ಇರುತ್ತದೆ. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅದೇ ಬದಲಾವಣೆಯ ಕಾಲ.

ಈ 'ವರ್ಷ'ದ ಮಾತನ್ನು ನಮ್ಮಲ್ಲಿ ಬಹುಮಂದಿ ಅಲಕ್ಷಿಸುತ್ತಾರೆ. ಗಾಡಿ ಓಡಿಯೇ ಇಲ್ಲ, ಶೆಡ್ಡಿನಲ್ಲಿ ನಿಂತಿತ್ತು, ಬೆಲ್ಟ್ ಹೇಗೆ ಸವೆಯುತ್ತದೆ ಎಂಬುದು ಅವರ ವಾದ. ಬಿತ್ತನೆ ಬೀಜದ ಉದಾಹರಣೆ ನೋಡಿ. ಪ್ರಮಾಣಿತ ಬೀಜದ ಚೀಲಕ್ಕೆ ಪರೀಕ್ಷೆಯ ದಿನದಿಂದ ಮೊದಲಿಗೆ 9 ತಿಂಗಳ ಅವಧಿ ಕೊಡಲಾಗುತ್ತದೆ. ಚೀಲವನ್ನು ಬಿಚ್ಚದೇ ಇಟ್ಟಿದ್ದರೂ ಆ ಅವಧಿ ಓಡುತ್ತಲೇ ಇರುತ್ತದೆ. ರಬ್ಬರಿನ ಸ್ವಭಾವವೂ ಇಂಥದೇ. ಶಾಖ, ಗಾಳಿಯಲ್ಲಿನ ಆಮ್ಲಜನಕ ಮತ್ತು ಓಝೋನ್ ಅದನ್ನು ನಿಧಾನವಾಗಿ ಗಡುಸು ಮಾಡುತ್ತವೆ. ಒಂದೇ ಭಂಗಿಯಲ್ಲಿ ಬಹುಕಾಲ ಪುಲ್ಲಿಗೆ ಬಾಗಿ ನಿಂತ ಬೆಲ್ಟಿಗೆ ಆ ಬಾಗಿನಲ್ಲಿಯೇ ದಣಿವು. ಹತ್ತು ವರ್ಷಗಳಲ್ಲಿ 40,000 ಕಿ.ಮೀ. ಮಾತ್ರ ಓಡಿದ ಕಾರನ್ನು 'ಒಳ್ಳೆಯ ಗಾಡಿ' ಎಂದು ಕೊಳ್ಳುವಾಗ, ಬೆಲ್ಟಿನ ಮಟ್ಟಿಗೆ ಅದು ಹೆಚ್ಚು ಓಡಿ ಸಕಾಲಕ್ಕೆ ಬೆಲ್ಟ್ ಬದಲಾಯಿಸಿಕೊಂಡ ಕಾರಿಗಿಂತ ಅಪಾಯಕಾರಿ ಎಂಬುದನ್ನು ನೆನಪಿಡಬೇಕು.

ಇನ್ನು ಕಿಲೋಮೀಟರಿನ ಲೆಕ್ಕ. ಓಡೋಮೀಟರ್ ಚಕ್ರದ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ಬೆಲ್ಟಿನ ಸುತ್ತುಗಳನ್ನಲ್ಲ. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ, ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಾ ಹೋಗುವ ವಾಹನವನ್ನು ಊಹಿಸಿಕೊಳ್ಳಿ. ಒಂದು ಕಿ.ಮೀ.ಗೆ ಒಂದು ನಿಮಿಷ. ಕ್ರ್ಯಾಂಕ್ 2,000 ಸುತ್ತು. ಅದೇ ವಾಹನ ತೋಟದ ಗುಂಡಿಬಿದ್ದ ದಾರಿಯಲ್ಲಿ ಎರಡನೆಯ ಗೇರಿನಲ್ಲಿ, ಅಷ್ಟೇ ಎಂಜಿನ್ ವೇಗದಲ್ಲಿ, ಗಂಟೆಗೆ 20 ಕಿ.ಮೀ. ಹೋದರೆ ಒಂದು ಕಿ.ಮೀ.ಗೆ ಮೂರು ನಿಮಿಷ ಹಿಡಿಯುತ್ತದೆ; ಕ್ರ್ಯಾಂಕ್ 6,000 ಸುತ್ತು. ಮೀಟರಿನಲ್ಲಿ ದಾಖಲಾಗುವುದು ಎರಡು ಕಡೆಯೂ ಒಂದೇ ಕಿ.ಮೀ. ಮಾರುಕಟ್ಟೆಯ ಗೇಟಿನ ಸಾಲಿನಲ್ಲಿ ಎಂಜಿನ್ ಚಾಲೂ ಇಟ್ಟು ಕಾಯುವ ಒಂದು ಗಂಟೆಯಂತೂ ಮೀಟರಿನಲ್ಲಿ ದಾಖಲಾಗುವುದೇ ಇಲ್ಲ.

ಹಳ್ಳಿಯ ಬಳಕೆಯನ್ನು ಆದುದರಿಂದ ಕಠಿಣ ಬಳಕೆ ಎಂದೇ ಪರಿಗಣಿಸಬೇಕು. ಧೂಳು, ಹೆಚ್ಚು ಹೊತ್ತು ನಿಂತಲ್ಲೇ ಓಡುವ ಎಂಜಿನ್, ಚಿಕ್ಕ ಚಿಕ್ಕ ಓಡಾಟ, ಭಾರ ಇವುಗಳಿಗಾಗಿ ಅನೇಕ ತಯಾರಕರು ಪುಸ್ತಕದಲ್ಲಿ ಪ್ರತ್ಯೇಕ ಪಟ್ಟಿಯನ್ನೇ ಕೊಟ್ಟಿರುತ್ತಾರೆ. ನಮ್ಮ ವಾಹನಗಳಿಗೆ ಆ ಪಟ್ಟಿಯೇ ಅನ್ವಯ. ಅದಿಲ್ಲದಿದ್ದರೆ ಸೂಚಿತ ದೂರದ ಮುಕ್ಕಾಲು ಭಾಗಕ್ಕೇ ಬದಲಾಯಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಒಂದು ಬೆಲ್ಟಿನ ಕೊನೆಯ ಕಾಲುಭಾಗದ ಆಯುಷ್ಯವನ್ನು ಉಳಿಸಹೋಗಿ ಒಂದು ಎಂಜಿನ್ನನ್ನೇ ಪಣಕ್ಕಿಡುವುದರಲ್ಲಿ ಯಾವ ಮಿತವ್ಯಯವೂ ಕಾಣುವುದಿಲ್ಲ.

ಬೆಲ್ಟಿನ ಆಯುಷ್ಯವನ್ನು ಕುಗ್ಗಿಸುವ ಇನ್ನೆರಡು ಕಾರಣಗಳು ನಮ್ಮ ಪರಿಸರದಲ್ಲಿ ವಿಶೇಷವಾಗಿವೆ. ಮೊದಲನೆಯದು ಮುಚ್ಚಳದ ಉದಾಸೀನ. ಹಿಂದೆ ಬಿಚ್ಚಿದವರು ನಾಲ್ಕು ಬೋಲ್ಟ್‌ಗಳ ಜಾಗದಲ್ಲಿ ಎರಡನ್ನೇ ಹಾಕಿರುತ್ತಾರೆ, ಅಥವಾ ಒಡೆದ ಮುಚ್ಚಳವನ್ನು ಬಿಸಾಡಿರುತ್ತಾರೆ. ಆಗ ಧೂಳು, ಮರಳಿನ ಕಣಗಳು ನೇರವಾಗಿ ಹಲ್ಲುಗಳ ಸಂದಿಗೆ ಹೋಗುತ್ತವೆ. ಎರಡನೆಯದು ಇಲಿ. ಹುಲ್ಲಿನ ಬಣವೆಯ ಪಕ್ಕ, ಧಾನ್ಯದ ಮೂಟೆಗಳ ಮಗ್ಗುಲಲ್ಲಿ ನಿಲ್ಲಿಸಿದ ಕಾರಿನ ಬೆಚ್ಚಗಿನ ಎಂಜಿನ್ ಇಲಿಗೆ ಒಳ್ಳೆಯ ಮನೆ. ವೈರು ಕಡಿಯುವುದನ್ನು ಎಲ್ಲರೂ ಕಂಡಿದ್ದೇವೆ. ಗೂಡಿಗೆಂದು ತಂದ ಹುಲ್ಲು, ಕಾಳು ಮುಚ್ಚಳದೊಳಗೆ ಸೇರಿ ಬೆಲ್ಟ್ ಮತ್ತು ಪುಲ್ಲಿಯ ನಡುವೆ ಸಿಕ್ಕಿದರೆ ಬೆಲ್ಟ್ ಒಂದು ಹಲ್ಲು ಜಿಗಿದುಬಿಡಬಹುದು. ಹರಿಯದೆಯೇ ಲೆಕ್ಕ ತಪ್ಪುತ್ತದೆ.

ನೋಡಿ ತಿಳಿಯಬಹುದೇ?

"ಬೆಲ್ಟ್ ಇನ್ನೂ ಚೆನ್ನಾಗಿದೆ ಸಾರ್, ಇನ್ನೊಂದು ವರ್ಷ ಓಡಿಸಿ" ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಅವರ ಉದ್ದೇಶ ಕೆಟ್ಟದ್ದಲ್ಲ, ಗಿರಾಕಿಯ ಹಣ ಉಳಿಸಬೇಕೆಂಬ ಕಾಳಜಿ. ಆದರೆ ಆ ಪರೀಕ್ಷೆ ಹಳೆಯ ಕಾಲದ್ದು. ಹಿಂದೆ ನಿಯೋಪ್ರಿನ್ ರಬ್ಬರಿನಿಂದ ಮಾಡಿದ ಬೆಲ್ಟ್‌ಗಳು ಹಳತಾದಂತೆ ಮೈಮೇಲೆ ಬಿರುಕು ತೋರಿಸುತ್ತಿದ್ದವು. ಈಗಿನವು ಶಾಖವನ್ನು ಹೆಚ್ಚು ತಾಳುವ ಬೇರೊಂದು ಬಗೆಯ ಸಂಶ್ಲೇಷಿತ ರಬ್ಬರಿನವು. ಇವುಗಳ ಬಲವೆಲ್ಲ ಒಳಗೆ ಹುದುಗಿಸಿದ ಗಾಜಿನ ನಾರಿನ ಹುರಿಗಳಲ್ಲಿದೆ. ಹುರಿಯ ಎಳೆಗಳು ಒಳಗೊಳಗೇ ಕಡಿಯುತ್ತಿದ್ದರೂ ಮೇಲ್ಮೈ ನುಣುಪಾಗಿಯೇ ಇರಬಹುದು. ಹಲ್ಲು ಉದುರಿದ್ದರೆ, ಅಂಚು ಎಳೆ ಬಿಟ್ಟಿದ್ದರೆ, ಬಿರುಕು ಬಿಟ್ಟಿದ್ದರೆ, ಆಯಿಲ್ ಅಥವಾ ಕೂಲೆಂಟ್ ತಗಲಿ ನೆನೆದಿದ್ದರೆ ಆ ದಿನವೇ ಬದಲಾಯಿಸಬೇಕು, ಸರಿ. ಇವು ಯಾವುವೂ ಇಲ್ಲವೆಂದ ಮಾತ್ರಕ್ಕೆ ಬೆಲ್ಟ್ ಗಟ್ಟಿಯಾಗಿದೆ ಎಂದಾಗುವುದಿಲ್ಲ.

ಮುನ್ಸೂಚನೆಯ ವಿಷಯವೂ ಹೀಗೆಯೇ. ಬೆಲ್ಟಿನ ಕಡೆಯಿಂದ ಗೊರಗೊರ ಸದ್ದು ಬಂದರೆ ಅದು ಹೆಚ್ಚಾಗಿ ಟೆನ್ಷನರ್ ಅಥವಾ ಐಡ್ಲರ್ ಪುಲ್ಲಿಯ ಬೇರಿಂಗ್‌ನದು. ಮುಚ್ಚಳದ ಕೆಳಗಿನಿಂದ ಆಯಿಲ್ ಇಳಿಯುತ್ತಿದ್ದರೆ ಸೀಲ್ ಕೆಟ್ಟಿದೆ. ಇವನ್ನು ಕಂಡೊಡನೆ ಗ್ಯಾರೇಜಿಗೆ ಹೋಗಬೇಕು. ಬೆಲ್ಟ್ ಮಾತ್ರ ಬಹುಪಾಲು ಯಾವ ಸದ್ದೂ ಇಲ್ಲದೆ ಹರಿಯುತ್ತದೆ. ಟೊಯೊಟಾದ ಕೆಲವು ಡೀಸೆಲ್ ವಾಹನಗಳಲ್ಲಿ ಬೆಲ್ಟಿಗೆಂದೇ ಒಂದು ದೀಪವಿದೆ. ಅದು ಬೆಲ್ಟಿನ ಸ್ಥಿತಿಯನ್ನು ಅಳೆಯುವುದಿಲ್ಲ, ಓಡಿದ ದೂರವನ್ನಷ್ಟೇ ಲೆಕ್ಕ ಹಾಕುತ್ತದೆ. ಬೆಲ್ಟ್ ಬದಲಾಯಿಸದೆಯೇ ಆ ಲೆಕ್ಕವನ್ನು ಸೊನ್ನೆಗೆ ತರಬಹುದು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ದೀಪ ಹೊತ್ತಿಲ್ಲವೆಂದು ನೆಮ್ಮದಿಯಿಂದ ಇರುವಂತಿಲ್ಲ.

ಸೆಕೆಂಡ್ ಹ್ಯಾಂಡ್ ವಾಹನ ಕೊಂಡವರಿಗೆ

ಟೊಮ್ಯಾಟೊ ಬೆಳೆಗಾರರೊಬ್ಬರು ಹಳೆಯ ಡೀಸೆಲ್ ಕಾರೊಂದನ್ನು ಕೊಂಡು, ಹಿಂದಿನ ಸೀಟು ಕಳಚಿ, ಹಣ್ಣಿನ ಬಾಕ್ಸ್‌ಗಳನ್ನು ಕೋಲಾರದ ಮಾರುಕಟ್ಟೆಗೆ ಸಾಗಿಸುತ್ತಿದ್ದರು. ಮಾರಿದವರು "ಬೆಲ್ಟ್ ಆಗಿದೆ" ಎಂದಿದ್ದರು, ಬಿಲ್ಲು ಇರಲಿಲ್ಲ. ಕೊಯ್ಲಿನ ಮೂರನೆಯ ವಾರದಲ್ಲಿ ಒಂದು ರಾತ್ರಿ ದಾರಿಯಲ್ಲಿ ಎಂಜಿನ್ ತಟ್ಟನೆ ನಿಂತಿತು. ಅವರ ಮಗ ಬ್ಯಾಟರಿ ಇಳಿಯುವವರೆಗೂ ಸ್ಟಾರ್ಟ್ ಮಾಡಲು ಪ್ರಯತ್ನಿಸಿದ. ಹೆಡ್ ಬಿಚ್ಚಿದಾಗ ವಾಲ್ವ್‌ಗಳು ಬಾಗಿದ್ದುದು ಕಂಡಿತು. ಬಿಡಿಭಾಗ ತರಿಸಿ, ಹೆಡ್ ಕೆಲಸ ಮಾಡಿಸಿ, ಗಾಡಿ ಮನೆಗೆ ಬರುವಷ್ಟರಲ್ಲಿ ಕೊಯ್ಲು ಮುಗಿಯುತ್ತಾ ಬಂದಿತ್ತು. ಅಷ್ಟು ದಿನವೂ ಬಾಡಿಗೆ ಟೆಂಪೊ. ರಿಪೇರಿಗಿಂತ ಆ ಬಾಡಿಗೆಯೇ ತಮಗೆ ಹೆಚ್ಚು ನೋವಾಯಿತು ಎಂದು ಅವರು ಹೇಳಿದರು.

ಇಲ್ಲಿ ಅನುಸರಿಸಬೇಕಾದ ನಿಯಮ ಸರಳ. ದಿನಾಂಕ ಮತ್ತು ಕಿಲೋಮೀಟರ್ ನಮೂದಾದ ಬಿಲ್ಲು ಅಥವಾ ಸರ್ವಿಸ್ ದಾಖಲೆ ಇಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲವೆಂದೇ ತಿಳಿಯಬೇಕು. ಮಾರುವವರ ಬಾಯಿಮಾತು, ಹೊಳೆಯುವ ಮುಚ್ಚಳ, ಮೀಟರಿನ ಸಂಖ್ಯೆ ಯಾವುದೂ ಸಾಕ್ಷಿಯಲ್ಲ. ಮೀಟರ್ ಹಿಂದಕ್ಕೆ ತಿರುಗಿಸುವವರು ಇದ್ದೇ ಇದ್ದಾರೆ. ವಾಹನದ ಬೆಲೆ ಮಾತಾಡುವಾಗಲೇ ಬೆಲ್ಟ್ ಬದಲಾವಣೆಯ ಖರ್ಚನ್ನು ಸೇರಿಸಿ ಚೌಕಾಸಿ ಮಾಡಿ. ಕೊಂಡ ಮೇಲೆ ಬೆಲ್ಟ್ ಹಾಕಿಸದೆ ದೂರದ ಪ್ರಯಾಣ ಬೇಡ.

ಬದಲಾಯಿಸುವಾಗ

ಬೆಲ್ಟಿನೊಂದಿಗೆ ಟೆನ್ಷನರ್ ಮತ್ತು ಐಡ್ಲರ್ ಪುಲ್ಲಿಗಳನ್ನೂ ಬದಲಾಯಿಸಿ. ನೀರಿನ ಪಂಪ್ ಅದೇ ಬೆಲ್ಟಿನಿಂದ ತಿರುಗುವ ಎಂಜಿನ್‌ಗಳಲ್ಲಿ ಅದನ್ನೂ ಹೊಸದಾಗಿ ಹಾಕಿಸಿ, ಕೂಲೆಂಟ್ ಬದಲಾಯಿಸಿ. ಕ್ಯಾಮ್, ಕ್ರ್ಯಾಂಕ್‌ಗಳ ಆಯಿಲ್ ಸೀಲ್ ಜಿನುಗುತ್ತಿದ್ದರೆ ಅವೂ ಆಗಲಿ. ಈ ಕೆಲಸದಲ್ಲಿ ಬಿಚ್ಚಿ ಜೋಡಿಸುವ ಕೂಲಿಯೇ ದೊಡ್ಡದು. ಪಂಪಿನ ಹಣ ಉಳಿಸಿ ಆರು ತಿಂಗಳಿಗೆ ಪಂಪ್ ಸೋರಿದರೆ ಅದೇ ಕೂಲಿಯನ್ನು ಮತ್ತೊಮ್ಮೆ ತೆರಬೇಕು, ಸೋರಿದ ನೀರು ಹೊಸ ಬೆಲ್ಟನ್ನೂ ಕೆಡಿಸುತ್ತದೆ.

ಕೆಲಸಗಾರನ ಆಯ್ಕೆಯೂ ಮುಖ್ಯ. ಟ್ರ್ಯಾಕ್ಟರ್ ಎಂಜಿನ್ ಬಿಚ್ಚುವುದರಲ್ಲಿ ನಿಪುಣರಾದವರೆಲ್ಲ ಈ ಕೆಲಸ ಬಲ್ಲವರೆಂದು ಹೇಳಲಾಗದು. ಎಂಜಿನ್ ತಣ್ಣಗಿರುವಾಗ ಕೆಲಸ ನಡೆಯಬೇಕು. ಕ್ರ್ಯಾಂಕ್ ಮತ್ತು ಕ್ಯಾಮ್ ಪುಲ್ಲಿಗಳ ಗುರುತುಗಳು ನಿಗದಿತ ಜಾಗಕ್ಕೆ ಕೂಡಿರಬೇಕು. ಲಾಕಿಂಗ್ ಪಿನ್ ಬೇಕಾದ ಎಂಜಿನ್‌ಗೆ ಪಿನ್ನನ್ನೇ ಬಳಸಬೇಕು, ಸುಣ್ಣದ ಗುರುತಿನ ಅಂದಾಜಿನ ಕೆಲಸ ಸಲ್ಲದು. ಹೊಸ ಬೆಲ್ಟನ್ನು ಮಡಚಬಾರದು, ತಿರುಚಬಾರದು, ಸ್ಕ್ರೂಡ್ರೈವರ್‌ನಿಂದ ಮೀಟಿ ಹತ್ತಿಸಬಾರದು; ಒಳಗಿನ ಗಾಜಿನ ಹುರಿ ಅಲ್ಲಿಯೇ ಮುರಿಯುತ್ತದೆ. ಸದ್ದು ತಗ್ಗಲೆಂದು ಎಣ್ಣೆ, ಗ್ರೀಸ್, ಸ್ಪ್ರೇ ಯಾವುದನ್ನೂ ಹಾಕಬಾರದು. ಬಿಗಿತ ಕಂಪನಿ ಹೇಳಿದಷ್ಟೇ ಇರಲಿ. ಜೋಡಿಸಿದ ಮೇಲೆ ಕ್ರ್ಯಾಂಕನ್ನು ಸ್ಪ್ಯಾನರ್‌ನಿಂದ, ಕೈಯಲ್ಲಿ, ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಿದ ನಂತರವೇ ಕೀಲಿ ತಿರುಗಿಸಬೇಕು. ಎಲ್ಲಾದರೂ ತಡೆದಂತಾದರೆ ಬಲ ಹಾಕದೆ ನಿಲ್ಲಿಸಬೇಕು. ಈ ಒಂದು ಪರೀಕ್ಷೆಯನ್ನು ನಿಮ್ಮ ಕಣ್ಣೆದುರಿಗೇ ಮಾಡಿಸಿಕೊಳ್ಳಿ.

ಬೆಲ್ಟ್ ಕೊಳ್ಳುವಾಗ ಪ್ಯಾಕ್ ಒಡೆಯದಿರುವುದನ್ನು, ಭಾಗದ ಸಂಖ್ಯೆ ನಿಮ್ಮ ಎಂಜಿನ್‌ನದೇ ಆಗಿರುವುದನ್ನು ನೋಡಿ. ತಯಾರಿಕೆಯ ದಿನಾಂಕ ಮುದ್ರಿತವಾಗಿದ್ದರೆ ಅದನ್ನೂ ನೋಡಿ. ಅಂಗಡಿಯ ಮೊಳೆಗೆ ವರ್ಷಗಟ್ಟಲೆ ನೇತುಬಿದ್ದ ಬೆಲ್ಟ್ ಬೇಡ. ತೆಗೆದ ಹಳೆಯ ಬೆಲ್ಟನ್ನು ಕೇಳಿ ಪಡೆದು ಕತ್ತರಿಸಿಬಿಡಿ. ಅದನ್ನು 'ಅವಸರಕ್ಕೆ ಇರಲಿ' ಎಂದು ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು ಬೇಡ.

ಕಾಲ ಯಾವುದು ಎಂದರೆ, ಮಾಗಿ ಉಳುಮೆಗೆ ಕಾಲವಿರುವಂತೆ ಇದಕ್ಕೂ ಒಂದು ಕಾಲವಿದೆ. ಹಿಂಗಾರಿನ ರಾಶಿ ಮುಗಿದು ಮುಂಗಾರು ಆರಂಭವಾಗುವ ನಡುವಿನ ಏಪ್ರಿಲ್, ಮೇ ತಿಂಗಳು ಒಣಬೇಸಾಯದ ಪ್ರದೇಶದವರಿಗೆ ಸೂಕ್ತ. ಆಗ ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ನಿಂತರೂ ಕೆಲಸ ಕೆಡುವುದಿಲ್ಲ. ತರಕಾರಿ, ಹೂವು ಬೆಳೆಯುವವರು ತಮ್ಮ ಎರಡು ಬೆಳೆಗಳ ನಡುವಿನ ಬಿಡುವನ್ನು ನೋಡಿಕೊಳ್ಳಬೇಕು. ಅಂತರ ಮುಗಿಯುವುದು ಅಕ್ಟೋಬರ್‌ನಲ್ಲಿ ಎಂದು ಲೆಕ್ಕ ಬಂದರೂ ಮೇ ತಿಂಗಳಲ್ಲಿಯೇ ಮಾಡಿಸುವುದು ಜಾಣತನ.

ದಾರಿಯಲ್ಲಿ ಎಂಜಿನ್ ನಿಂತರೆ

ಓಡುತ್ತಿದ್ದ ಎಂಜಿನ್ ಎಳೆದಾಡದೆ, ಸ್ವಿಚ್ ಆರಿಸಿದಂತೆ ಏಕಾಏಕಿ ನಿಂತು, ಮತ್ತೆ ಸ್ಟಾರ್ಟರ್ ಒತ್ತಿದಾಗ ಎಂದಿಗಿಂತ ಹಗುರವಾಗಿ, ಸರಾಗವಾಗಿ ತಿರುಗಿದರೆ ಬೆಲ್ಟ್ ಹರಿದಿರುವ ಸಂಭವ ಹೆಚ್ಚು. ವಾಲ್ವ್‌ಗಳು ಮುಚ್ಚದೆ ಸಿಲಿಂಡರಿನಲ್ಲಿ ಒತ್ತಡ ಹುಟ್ಟದಿರುವುದೇ ಆ ಹಗುರಕ್ಕೆ ಕಾರಣ. ಎರಡನೆಯ ಬಾರಿ ಸ್ಟಾರ್ಟರ್ ಒತ್ತಬೇಡಿ. ತಳ್ಳಿ ಸ್ಟಾರ್ಟ್ ಮಾಡುವ ಪ್ರಯತ್ನವಂತೂ ಬೇಡವೇ ಬೇಡ. ಪ್ರತಿ ಸುತ್ತಿಗೂ ಇನ್ನಷ್ಟು ವಾಲ್ವ್‌ಗಳು ಬಾಗಬಹುದು. ಗೇರನ್ನು ನ್ಯೂಟ್ರಲ್‌ಗೆ ತಂದು, ಗಾಡಿಯನ್ನು ಬದಿಗೆ ಸರಿಸಿ, ಎಳೆಸಿಕೊಂಡು ಹೋಗುವ ವ್ಯವಸ್ಥೆ ಮಾಡಿ. ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಯುವಾಗಲೂ ಗೇರು ನ್ಯೂಟ್ರಲ್‌ನಲ್ಲಿಯೇ ಇರಲಿ. ಎಂಜಿನ್ ನಿಂತಿರುವುದರಿಂದ ಬ್ರೇಕ್ ಮತ್ತು ಸ್ಟಿಯರಿಂಗ್ ಗಡುಸಾಗಿರುತ್ತವೆ ಎಂಬುದನ್ನು ಚಾಲಕನಿಗೆ ಮೊದಲೇ ತಿಳಿಸಿ.

ಹೊಸ ಬೆಲ್ಟ್ ಹಾಕಿಸಿದ ದಿನವೇ ದಿನಾಂಕ, ಆಗಿನ ಕಿಲೋಮೀಟರ್, ಮುಂದಿನ ಬದಲಾವಣೆಯ ಕಿಲೋಮೀಟರ್ ಮತ್ತು ವರ್ಷ ಇವನ್ನು ಬರೆದ ಚೀಟಿಯೊಂದನ್ನು ಬಾನೆಟ್‌ನ ಒಳಬದಿಗೆ ಅಂಟಿಸಿ. ಬಿಲ್ಲನ್ನು ಪಹಣಿ, ಸಾಲದ ಕಾಗದಗಳಿರುವ ಕಡತದಲ್ಲಿಯೇ ಇಡಿ. ವಾಹನ ಮಾರುವ ದಿನ ಕೊಳ್ಳುವವರು ಮೊದಲು ಕೇಳಬೇಕಾದ ಕಾಗದ ಅದು.